ಉರಿಬಿಸಿಲಲ್ಲೇ ನೋಡಬೇಕಾದ ಕಟ್ಟಡಗಳು

ಕ್ಯಾಮೆರಾ ಕೈಗೆ ಬಂದ ಯಾರಿಗೇ ಆಗಲಿ ಮೊದಲ ವಾರದಲ್ಲೇ ಒಂದು ಬುದ್ಧಿಮಾತು ಸಿಗುತ್ತದೆ: ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಅದು ಚೀಲದಲ್ಲೇ ಇರಲಿ. ಮುಂಜಾನೆ ಹೋಗಿ, ಇಳಿಹೊತ್ತಿಗೆ ಹೋಗಿ, ನೆತ್ತಿ ಸುಡುವ ಹೊತ್ತಿನಲ್ಲಿ ಮಾತ್ರ ಬೇಡ. ಮುಖಗಳ ಮಟ್ಟಿಗೆ, ಹೂವು ಹಕ್ಕಿಗಳ ಮಟ್ಟಿಗೆ ಈ ಮಾತು ಸರಿಯೇ. ನಡುಹಗಲಲ್ಲಿ ಹಣೆ ಬೆಳ್ಳಗೆ ಹೊಳೆಯುತ್ತದೆ, ಕಣ್ಣಿನ ಗುಳಿ ಕಪ್ಪಾಗಿ ಹೋಗುತ್ತದೆ. ಆದರೆ ಕಟ್ಟಡಗಳ ಮಟ್ಟಿಗೆ, ಅದರಲ್ಲೂ ನಮ್ಮ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಕಟ್ಟಡಗಳ ಮಟ್ಟಿಗೆ, ನಾನಿದನ್ನು ಒಪ್ಪುವುದಿಲ್ಲ. ಅವನ್ನು ಕಟ್ಟಿದವರು ತಲೆ ಕೆಡಿಸಿಕೊಂಡದ್ದೇ ಮಧ್ಯಾಹ್ನದ ಬಿಸಿಲಿನ ವಿಚಾರದಲ್ಲಿ. ಜಗಲಿ ಎಷ್ಟು ಅಗಲ ಬೇಕು, ಸಜ್ಜ ಎಷ್ಟು ಮುಂದೆ ಚಾಚಬೇಕು, ಕಿಟಕಿ ಗೋಡೆಯಿಂದ ಎಷ್ಟು ಒಳಗೆ ಸರಿಯಬೇಕು, ತರಗತಿ ಬಿಟ್ಟ ಹುಡುಗರು ಎಲ್ಲಿ ನಿಂತು ಮಾತಾಡಬೇಕು ಎಂಬ ಪ್ರಶ್ನೆಗಳನ್ನೆಲ್ಲ ಎತ್ತಿದ್ದು ಹನ್ನೆರಡು ಗಂಟೆಯ ಸೂರ್ಯ. ಆ ಸೂರ್ಯನಿಲ್ಲದ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಕಟ್ಟಡದ ಆಕಾರ ಇರುತ್ತದೆ, ಆ ಆಕಾರ ಯಾಕೆ ಬಂತು ಎನ್ನುವುದು ಇರುವುದಿಲ್ಲ.

ಇನ್ನೊಂದು ಮಾತೂ ಇದೆ. ಬುದ್ಧಿಮಾತು ಹುಟ್ಟಿದ ಊರಿನ ಆಕಾಶ ಬೇರೆ, ನಮ್ಮ ಆಕಾಶ ಬೇರೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸಂಜೆಯ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಫೋಟೊಗ್ರಾಫರುಗಳು ಹಂಬಲಿಸುವ ಆ ಹೊನ್ನಿನ ಬೆಳಕು, ಅಂದರೆ ಸೂರ್ಯ ದಿಗಂತದಿಂದ ಆರು ಡಿಗ್ರಿಯೊಳಗೆ ಇರುವ ಹೊತ್ತು, ನಮ್ಮಲ್ಲಿ ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಲಂಡನ್ನಿನಲ್ಲಿ ಸೂರ್ಯ ಓರೆಯಾಗಿ ಜಾರುವುದರಿಂದ ಅಲ್ಲಿ ಅದು ಬಹಳ ಹೊತ್ತು ನಿಲ್ಲುತ್ತದೆ. ಅಷ್ಟೇ ಅಲ್ಲ, ಡಿಸೆಂಬರಿನಲ್ಲಿ ಅಲ್ಲಿಯ ಸೂರ್ಯ ನಡುಹಗಲಲ್ಲೂ 15 ಡಿಗ್ರಿ ಎತ್ತರಕ್ಕೆ ಏರಿದರೆ ಹೆಚ್ಚು. ಅಂಥ ಊರಿನವರ ನಿಯಮವನ್ನು ತಂದು ನಮ್ಮ ಹಗಲಿಗೆ ಹಚ್ಚಿಕೊಂಡರೆ ಇಡೀ ದಿನದ ಬೆಳಕನ್ನು ನಾವೇ ಬಿಟ್ಟುಕೊಟ್ಟಂತೆ. ಮೇಲಾಗಿ, ಸಂಜೆಬೆಳಕು ಎಲ್ಲ ಕಟ್ಟಡಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಕಗ್ಗಲ್ಲೂ ಹೊಂಬಣ್ಣ, ಸುಣ್ಣದ ಗೋಡೆಯೂ ಹೊಂಬಣ್ಣ, ಸಿಮೆಂಟೂ ಹೊಂಬಣ್ಣ. ಕಲ್ಲಿಗೆ ತನ್ನದೇ ಬಣ್ಣವಿರುವುದು ಹಗಲಲ್ಲಿ.

ತೊಲೆಗಳ ಕೆಳಗಿನ ದಾರಿ

ಮಾತು ಸ್ಪಷ್ಟವಾಗಬೇಕಾದರೆ ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ಸಿಗೇ ಹೋಗಬೇಕು. ಸಂಸ್ಥೆ ಹುಟ್ಟಿದ್ದು 1973ರಲ್ಲಿ. ನೂರು ಎಕರೆ ಜಾಗದಲ್ಲಿ ಇದರ ಕಟ್ಟಡಗಳನ್ನು ರೂಪಿಸಿದವರು ಬಿ.ವಿ. ದೋಶಿ. ವಿನ್ಯಾಸ ಶುರುವಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ; ಕೆಲಸ ತೊಂಬತ್ತರ ದಶಕದವರೆಗೂ ಹಂತಹಂತವಾಗಿ ನಡೆಯಿತು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ವಾಸ್ತುಶಿಲ್ಪಿ ಇವರೇ. 2023ರ ಜನವರಿಯಲ್ಲಿ ತೀರಿಕೊಂಡರು. ಹಿಂದಿಯ ‘ತ್ರೀ ಈಡಿಯಟ್ಸ್’ ನೋಡಿದವರಿಗೆ ಈ ಜಾಗದ ಪರಿಚಯ ಇದ್ದೇ ಇರುತ್ತದೆ. ಸಿನಿಮಾದ ಎಂಜಿನಿಯರಿಂಗ್ ಕಾಲೇಜಿನ ಕಲ್ಲುಗೋಡೆಗಳು ಇಲ್ಲಿಯವು.

ಇಲ್ಲಿ ಮುಖ್ಯ ಬಾಗಿಲು, ಎದುರು ಮುಖ, ನಡುವೆ ಗೋಪುರ ಎಂಬ ಲೆಕ್ಕಾಚಾರ ಇಲ್ಲ. ಮುಂದೆ ನಿಂತು ಒಂದೇ ಚಿತ್ರದಲ್ಲಿ ಹಿಡಿಯುವಂಥ ಕಟ್ಟಡವೇ ಅಲ್ಲ ಅದು. ಇರುವುದು ಉದ್ದುದ್ದದ ಓಣಿಗಳು, ಅವುಗಳ ಆಚೀಚೆ ಅಂಗಳಗಳು. ಫತೇಪುರ್ ಸಿಕ್ರಿಯ ಅಂಗಳಗಳೂ ಮಧುರೆಯ ದೇವಾಲಯದ ಪ್ರಾಕಾರಗಳೂ ದೋಶಿಯವರ ಮನಸ್ಸಿನಲ್ಲಿದ್ದವು. ಓಣಿಗಳು ಕೆಲವೆಡೆ ಎರಡು ಮೂರು ಅಂತಸ್ತಿನಷ್ಟು ಎತ್ತರ. ಕೆಲವೆಡೆ ತಲೆಯ ಮೇಲೆ ಪೂರ್ತಿ ಚಾವಣಿ, ಕೆಲವೆಡೆ ಗಾಜು, ಕೆಲವೆಡೆ ಬರೀ ಕಾಂಕ್ರೀಟ್ ತೊಲೆಗಳ ಸಾಲು, ನಡುವೆ ಬಯಲು. ಎರಡೂ ಕಡೆ ಒರಟು ಬೂದುಗಲ್ಲಿನ ಗೋಡೆ. ಪಾಠ ತರಗತಿಯಲ್ಲಿ ಮಾತ್ರ ಆಗುವುದಿಲ್ಲ, ತರಗತಿಯಿಂದ ತರಗತಿಗೆ ಹೋಗುವ ದಾರಿಯಲ್ಲೂ ಆಗುತ್ತದೆ ಎಂಬುದು ದೋಶಿಯವರ ನಂಬಿಕೆ. ಅದಕ್ಕೇ ದಾರಿಗೆ ಅಷ್ಟು ಅಗಲ ಕೊಟ್ಟರು, ಕೂರಲು ಕಟ್ಟೆ ಕೊಟ್ಟರು.

ಈ ಓಣಿಯನ್ನು ಮೋಡದ ದಿನ ನೋಡಿದರೆ ಗಂಭೀರವಾಗಿ, ಸ್ವಲ್ಪ ಮಂಕಾಗಿ ಕಾಣುತ್ತದೆ. ಹನ್ನೊಂದೂವರೆಯ ಹೊತ್ತಿಗೆ ಬಿಸಿಲು ತೊಲೆಗಳ ಸಂದಿನಿಂದ ಇಳಿಯತೊಡಗಿದಾಗ ಅದರ ಬದುಕು ಶುರು. ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿಸಿಲು ಬೀಳುತ್ತದೆ. ಅದು ಗೋಡೆಯ ಬುಡ ಮುಟ್ಟಿದಲ್ಲಿ ಪಟ್ಟೆ ಮುರಿದು ಮೇಲಕ್ಕೆ ಹತ್ತುತ್ತದೆ. ಒಬ್ಬ ವಿದ್ಯಾರ್ಥಿನಿ ಪುಸ್ತಕ ಹಿಡಿದು ನಡೆದು ಹೋದರೆ ಅವಳ ಬೆನ್ನ ಮೇಲೆ ಬೆಳಕು ಕತ್ತಲೆ ಒಂದಾದ ಮೇಲೊಂದು ಸರಿದು ಹೋಗುತ್ತವೆ. ಇದನ್ನು ಚಿತ್ರ ತೆಗೆಯುವವರು ಸಾಮಾನ್ಯವಾಗಿ ಮಾಡುವುದೇನೆಂದರೆ ಓಣಿಯ ಸರಿಮಧ್ಯೆ ನಿಂತು, ಎರಡೂ ಗೋಡೆ ದೂರದಲ್ಲಿ ಕೂಡುವಂತೆ ಒಂದು ಚಿತ್ರ ತೆಗೆದು ಮುಂದೆ ಹೋಗುವುದು. ಅದೇ ಓಣಿಯ ಒಂದು ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಎದುರುಗೋಡೆಯ ಮೇಲೆ ಪಟ್ಟೆ ಹೇಗೆ ಸರಿಯುತ್ತದೆ ಎಂದು ಸುಮ್ಮನೆ ನೋಡುತ್ತಾ ನಿಂತವರಿಗೆ ಬೇರೆಯದೇ ಚಿತ್ರಗಳು ಸಿಗುತ್ತವೆ. ಕಾಲುಗಂಟೆಗೊಮ್ಮೆ ಆ ಗೋಡೆ ಬದಲಾಗುತ್ತದೆ. ಹೊರಗಿನಿಂದ ಬಂದ ವೃತ್ತಿನಿರತ ಫೋಟೊಗ್ರಾಫರಿಗೆ ಒಪ್ಪಂದದ ಪ್ರಕಾರ ಎರಡು ದಿನ ಇರುತ್ತದೆ. ಅಲ್ಲೇ ಓದುವವರಿಗೆ, ಪಾಠ ಹೇಳುವವರಿಗೆ, ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇಡೀ ವರ್ಷ ಇರುತ್ತದೆ. ಹವ್ಯಾಸಿಯ ದೊಡ್ಡ ಬಂಡವಾಳ ಲೆನ್ಸಲ್ಲ, ಈ ವರ್ಷ.

ಗಟ್ಟಿಬಿಸಿಲಿನ ಚಿತ್ರಕ್ಕೂ ದೋಶಿಯವರಿಗೂ ಒಂದು ಹಳೆಯ ನಂಟಿದೆ. 1951ರಿಂದ 54ರವರೆಗೆ ಅವರು ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯೆಯವರ ಕೈಕೆಳಗೆ ದುಡಿದವರು. ಆ ಕಾಲದಲ್ಲಿ ಕಾರ್ಬೂಸಿಯೆ ಕಟ್ಟಡಗಳ ಚಿತ್ರ ತೆಗೆಯುತ್ತಿದ್ದವರು ಲೂಸಿಯಾಂ ಎರ್ವೆ. 1910ರಲ್ಲಿ ಹಂಗೆರಿಯಲ್ಲಿ ಹುಟ್ಟಿದ ಎರ್ವೆ 1949ರಲ್ಲಿ ಮಾರ್ಸೇಯಲ್ಲಿ ಕಟ್ಟುತ್ತಿದ್ದ ವಸತಿ ಸಮುಚ್ಚಯಕ್ಕೆ ಹೋಗಿ ಒಂದೇ ದಿನದಲ್ಲಿ 650 ಚಿತ್ರ ತೆಗೆದು ಕಳಿಸಿದರು. ಅಲ್ಲಿಂದ 1965ರಲ್ಲಿ ಕಾರ್ಬೂಸಿಯೆ ಸಾಯುವವರೆಗೂ ಅವರ ಫೋಟೊಗ್ರಾಫರಾಗಿದ್ದರು. ಚಂಡೀಗಢಕ್ಕೂ ಬಂದರು. ಅಲ್ಲಿಯ ಉರಿಬಿಸಿಲಲ್ಲಿ ತೆಗೆದ ಕಪ್ಪುಬಿಳುಪು ಚಿತ್ರಗಳಲ್ಲಿ ನೆರಳು ಅಚ್ಚಗಪ್ಪು, ಬಿಸಿಲು ಅಚ್ಚಬಿಳಿ, ನಡುವಿನ ಬೂದು ಬಹಳ ಕಡಿಮೆ. ಮುದ್ರಿಸಿದ ಚಿತ್ರಗಳನ್ನು ಎರ್ವೆ ಕತ್ತರಿ ಹಿಡಿದು ಕತ್ತರಿಸುತ್ತಿದ್ದರು, ಗೋಡೆಯ ಒಂದು ಅಂಚು ಮತ್ತು ಅದರ ನೆರಳು ಮಾತ್ರ ಉಳಿಯುವವರೆಗೆ. ಇಡೀ ಕಟ್ಟಡ ತೋರಿಸಲೇಬೇಕು ಎಂಬ ಹಟ ಬಿಟ್ಟವರು ಅವರು. ಕ್ಯಾಂಪಸ್ ಚಿತ್ರ ತೆಗೆಯುವ ನಮ್ಮ ಹುಡುಗರು ಎರ್ವೆ ಚಿತ್ರಗಳನ್ನು ಹುಡುಕಿ ನೋಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಬೆಂಗಳೂರಿನ ಹವ್ಯಾಸಿಗಳು ಕಾಡಿನ ಚಿತ್ರಗಳಲ್ಲಿ ದೇಶಕ್ಕೇ ಹೆಸರಾದವರು, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಕಟ್ಟಿದ ಪರಂಪರೆ ಅದು. ಹುಲಿಗಾಗಿ, ಹಕ್ಕಿಗಾಗಿ ದಿನಗಟ್ಟಲೆ ಕಾಯುವ ಆ ತಾಳ್ಮೆಯ ಒಂದು ಪಾಲನ್ನಾದರೂ ಗೋಡೆಗಳಿಗೆ ಕೊಟ್ಟರೆ ಸಾಕಾಗಿತ್ತು.

ಸಜ್ಜದ ಲೆಕ್ಕ

ಬಿಸಿಲಲ್ಲಿ ಕಟ್ಟಡ ನೋಡುವವರು ಸ್ವಲ್ಪ ಪಂಚಾಂಗವನ್ನೂ ತಿಳಿದಿರಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24–25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕೊಳವೆ ನೆಟ್ಟು ನೋಡುತ್ತಾರಲ್ಲ, ಅದೇ. ಮೈಸೂರಿಗೆ ಎರಡು ಮೂರು ದಿನ ಮುಂಚೆ, ಧಾರವಾಡಕ್ಕೆ ಮೇ ಆರಂಭದಲ್ಲಿ ಈ ದಿನ ಬರುತ್ತದೆ. ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂಕಾಲು ದಾಟಿದ ಮೇಲೆ. ಆ ಎರಡು ದಿನಗಳ ನಡುವಿನ ಕಾಲದಲ್ಲಿ ನಡುಹಗಲ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ಕಾಲದಲ್ಲಿ ನಡುಹಗಲ ಬಿಸಿಲನ್ನೇ ಕಾಣದ ಉತ್ತರದ ಗೋಡೆಗೆ ಆಗ ಬಿಸಿಲು ಬೀಳುತ್ತದೆ. ಜೂನ್ ಜುಲೈ ಮೋಡದ ತಿಂಗಳುಗಳಾದ್ದರಿಂದ ಆ ಗೋಡೆಯ ಚಿತ್ರ ಬೇಕಾದವರಿಗೆ ಉಳಿಯುವುದು ಮೇ ತಿಂಗಳು ಮಾತ್ರ.

ಗೋಡೆಯಿಂದ ಎರಡು ಅಡಿ ಮುಂದೆ ಚಾಚಿದ ಒಂದು ಸಜ್ಜವನ್ನು, ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಯ ಮೇಲೆ, ಊಹಿಸಿಕೊಳ್ಳಿ. ಡಿಸೆಂಬರ್ 21ರ ನಡುಹಗಲಲ್ಲಿ ಬೆಂಗಳೂರಿನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಸಜ್ಜದ ನೆರಳು ಗೋಡೆಯ ಮೇಲೆ ಎರಡೂಮುಕ್ಕಾಲು ಅಡಿ ಮಾತ್ರ ಇಳಿಯುತ್ತದೆ. ಚಳಿಯ ದಿನ, ಕಿಟಕಿಯ ಕೆಳಭಾಗದಿಂದ ಬಿಸಿಲು ಒಳಗೆ ಬರುತ್ತದೆ. ಮಾರ್ಚ್ 21ರ ಹೊತ್ತಿಗೆ ಅದೇ ನೆರಳು ಎಂಟೂವರೆ ಅಡಿ ಇಳಿದು ಕಿಟಕಿಯನ್ನು ಪೂರ್ತಿ ಮುಚ್ಚುತ್ತದೆ. ಏಪ್ರಿಲಿನಲ್ಲಿ ನೆಲದವರೆಗೂ ನೆರಳು. ಯಾರೂ ಪರದೆ ಎಳೆಯಬೇಕಿಲ್ಲ, ಗುಂಡಿ ಒತ್ತಬೇಕಿಲ್ಲ. ಎರಡು ಅಡಿ ಕಾಂಕ್ರೀಟು ಇಷ್ಟನ್ನೂ ತಾನೇ ನೋಡಿಕೊಳ್ಳುತ್ತದೆ. ಒಂದೇ ಜಾಗದಿಂದ, ಒಂದೇ ಗಂಟೆಯಲ್ಲಿ, ತಿಂಗಳಿಗೊಂದರಂತೆ ಈ ಕಿಟಕಿಯ ಚಿತ್ರ ತೆಗೆದು ಸಾಲಾಗಿ ಇಟ್ಟರೆ, ವಾಸ್ತುಶಿಲ್ಪದ ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸುವುದು ಕಣ್ಣಿಗೇ ಕಾಣುತ್ತದೆ.

ಈ ಲೆಕ್ಕವನ್ನು ನಮ್ಮ ನಾಡಿನಲ್ಲಿ ಶ್ರದ್ಧೆಯಿಂದ ಮಾಡಿದವರಲ್ಲಿ ಒಬ್ಬರು ಆಟೊ ಕೋನಿಗ್ಸ್‌ಬರ್ಗರ್. ಹಿಟ್ಲರನ ಜರ್ಮನಿ ಬಿಟ್ಟು ಬಂದ ಯಹೂದಿ; 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಲವತ್ತರ ದಶಕದಲ್ಲಿ ವೈಮಾನಿಕ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಸಭಾಂಗಣ ಇವರ ಕೈಯಲ್ಲಿ ರೂಪುಗೊಂಡವು. ಮುಂದೆ ಲಂಡನ್ನಿನಲ್ಲಿ ಪಾಠ ಹೇಳುತ್ತಾ, ಉಷ್ಣವಲಯದಲ್ಲಿ ಮನೆ ಕಟ್ಟುವ ಬಗೆಯ ಕುರಿತು ಇತರರೊಡನೆ 1974ರಲ್ಲಿ ಹೊರತಂದ ಕೈಪಿಡಿ ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ಪಠ್ಯವಾಯಿತು. ಅದರ ಹಿಂದಿನ ಅನುಭವದಲ್ಲಿ ಮೈಸೂರು ಸಂಸ್ಥಾನದ ಬಿಸಿಲಿನ ಪಾಲು ದೊಡ್ಡದು.

ವಿಜ್ಞಾನ ಸಂಸ್ಥೆಗೆ ಹೋದವರ ಕ್ಯಾಮೆರಾ ಮಾತ್ರ ಮುಖ್ಯ ಕಟ್ಟಡದ ಮುಂದೆಯೇ ನಿಂತುಬಿಡುತ್ತದೆ. ಅದು ಸಹಜ. ಮೈಸೂರು ಅರಸರು ಕೊಟ್ಟ 371 ಎಕರೆಯಲ್ಲಿ, 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಕಟ್ಟಡ, ಮುಂಬೈಯ ಸಿ.ಎಫ್. ಸ್ಟೀವನ್ಸ್ ವಿನ್ಯಾಸ, ಬೂದುಗಲ್ಲಿನ ಗೋಪುರ, ಮುಂದೆ ಗಿಲ್ಬರ್ಟ್ ಬೇಯ್ಸ್ ಕೆತ್ತಿದ ಜಮ್‌ಶೆಟ್‌ಜಿ ಟಾಟಾ ಪ್ರತಿಮೆ. ಈ ಗೋಪುರದ ಚಿತ್ರ ಎಲ್ಲರ ಬಳಿಯೂ ಇದೆ. ಅದನ್ನೇ ಹೊಸದಾಗಿ ನೋಡಬೇಕಾದರೆ ದೂರದ ನೋಟ ಬಿಟ್ಟು ಹತ್ತಿರ ಹೋಗಬೇಕು, ಸೂರ್ಯ ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತು ನೋಡಿಕೊಂಡು. ಬಿಸಿಲು ನೇರವಾಗಿ ಬಡಿದಾಗ ಕಲ್ಲುಗೋಡೆ ಚಪ್ಪಟೆ. ಅದೇ ಬಿಸಿಲು ಗೋಡೆಗೆ ಸಮಾನಾಂತರವಾಗಿ ಇಳಿದಾಗ ಸೈಜುಗಲ್ಲಿನ ಮೇಲಿನ ಒಂದೊಂದು ಉಳಿಯೇಟೂ ತನ್ನ ನೆರಳು ಚೆಲ್ಲುತ್ತದೆ. ಪೂರ್ವದ ಗೋಡೆಗೆ ಅದು ನಡುಹಗಲಿಗೆ ಸ್ವಲ್ಪ ಮುಂಚೆ, ಪಶ್ಚಿಮದ ಗೋಡೆಗೆ ಸ್ವಲ್ಪ ನಂತರ. ಶೂನ್ಯ ನೆರಳಿನ ದಿನಗಳ ಆಚೀಚೆ ನಾಲ್ಕೂ ಗೋಡೆಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಆ ಹತ್ತು ಹದಿನೈದು ನಿಮಿಷಗಳಲ್ಲಿ, ಹೆಸರು ಎಲ್ಲೂ ದಾಖಲಾಗದ ಕಲ್ಲುಕುಟಿಗರ ಕೈ ಓಡಿದ ದಿಕ್ಕು ಕಾಣುತ್ತದೆ. ಯಾವ ಕಲ್ಲನ್ನು ಎಡಗಡೆಯಿಂದ ಹೊಡೆದರು, ಎಲ್ಲಿ ಉಳಿ ಮೊಂಡಾಯಿತು ಎಂದು ಊಹಿಸುವಷ್ಟು ಸ್ಪಷ್ಟವಾಗಿ. ಮುಂಜಾನೆಯ ಮಂಜಿನಲ್ಲಿ ತೆಗೆದ ಯಾವ ಗೋಪುರದ ಚಿತ್ರವೂ ನನಗೆ ಇಷ್ಟು ಹೇಳಿಲ್ಲ.

ಮೈಸೂರಿನ ತೊಡಕು ಬೇರೆ. ಕುಕ್ಕರಹಳ್ಳಿ ಕೆರೆಯ ಹತ್ತಿರದ ಕ್ರಾಫರ್ಡ್ ಭವನ, ಮಾನಸಗಂಗೋತ್ರಿಯೊಳಗೆ 1905ರಲ್ಲಿ ಕಟ್ಟಿದ ಜಯಲಕ್ಷ್ಮಿ ವಿಲಾಸ, ಇವೆಲ್ಲ ತಿಳಿಬಣ್ಣದ, ಗಾರೆಯ ಅಲಂಕಾರದ ಕಟ್ಟಡಗಳು. ತನ್ನ ಪಾಡಿಗೆ ಬಿಟ್ಟರೆ ಕ್ಯಾಮೆರಾ ಬೆಳ್ಳನೆಯ ಗೋಡೆಯನ್ನು ಬೂದಾಗಿಸುತ್ತದೆ. ನಾವು ಅವಸರದಲ್ಲಿ ಬೆಳಕು ಹೆಚ್ಚಿಸಿದರೆ ಕಂಬದ ತಲೆಯ ಎಲೆಬಳ್ಳಿ, ಅಂಚಿನ ಹಲ್ಲುಸಾಲು ಎಲ್ಲ ಕರಗಿ ಬರೀ ಬಿಳುಪು ಉಳಿಯುತ್ತದೆ. ನಡುವೆ ಒಂದು ಸಣ್ಣ ಜಾಗವಿದೆ. ಗೋಡೆ ಬಿಳಿಯೆಂದು ಗೊತ್ತಾಗಬೇಕು, ಗಾರೆಯ ಗೀಟೂ ಕಾಣಬೇಕು. ಹಳೆಯ ರೀಲಿನ ಕಾಲದ ಲೆಕ್ಕ ಇಲ್ಲಿ ಇವತ್ತಿಗೂ ನಂಬಿಕಸ್ತ: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16, ಷಟರ್ ವೇಗ ಫಿಲ್ಮಿನ ಐಎಸ್‌ಒ ಸಂಖ್ಯೆಯಷ್ಟೇ. ಐಎಸ್‌ಒ 100 ಆದರೆ ಸೆಕೆಂಡಿನ ನೂರರ ಒಂದು ಭಾಗ. ಅಪರ್ಚರ್ 8 ಬೇಕೆಂದರೆ ನಾನೂರರ ಒಂದು ಭಾಗ. ಮೀಟರೇ ಇಲ್ಲದ ಕಾಲದಲ್ಲಿ ಇದು ನಡೆಯಿತೆಂದರೆ ಅರ್ಥ ಇಷ್ಟೇ, ನಡುಹಗಲಿನ ಸೂರ್ಯ ಬಹಳ ನಿಯತ್ತಿನವನು. ಸಂಜೆಯ ಬೆಳಕಿಗೆ ಇಂಥ ಸೂತ್ರ ಯಾರೂ ಕೊಡಲಾರರು. ಇನ್ನು, ಅಂಥ ಕಟ್ಟಡಗಳಿಗೆ ನವೆಂಬರ್, ಡಿಸೆಂಬರ್ ತಿಂಗಳು ಒಳ್ಳೆಯವು. ಮಳೆ ತೊಳೆದು ಬಿಟ್ಟ ಗಾಳಿ, ಕಡುನೀಲಿ ಆಕಾಶ. ಮಾರ್ಚ್ ಬಂದರೆ ಆಕಾಶವೂ ಗೋಡೆಯಂತೆಯೇ ಬೆಳ್ಳಗಾಗುತ್ತದೆ.

ನೆರಳನ್ನು ಅಳಿಸುವ ಫೋನು

ಈಗ ಬಹುಪಾಲು ಜನರ ಕ್ಯಾಮೆರಾ ಎಂದರೆ ಫೋನು. ಅದರ ಬಗ್ಗೆ ನನಗೆ ತಾತ್ಸಾರ ಏನೂ ಇಲ್ಲ. ಒಳ್ಳೆಯ ಚಿತ್ರಗಳು ಅದರಲ್ಲಿ ಬಂದಿವೆ. ಆದರೆ ಗಟ್ಟಿಬಿಸಿಲಿನ ಕಟ್ಟಡದ ವಿಚಾರದಲ್ಲಿ ಫೋನು ಒಂದು ಕೆಲಸ ಮಾಡುತ್ತದೆ, ಅದನ್ನು ತಿಳಿದಿರಬೇಕು. ಗುಂಡಿ ಒತ್ತಿದಾಗ ಅದು ತೆಗೆಯುವುದು ಒಂದು ಚಿತ್ರವಲ್ಲ. ಸರಸರನೆ ಹಲವು ಚಿತ್ರ ತೆಗೆದು, ಬೆಸೆದು, ಕಪ್ಪಾಗಿದ್ದುದನ್ನು ಬೆಳಗಿಸಿ, ಬೆಳ್ಳಗಿದ್ದುದನ್ನು ತಗ್ಗಿಸಿ ಕೊಡುತ್ತದೆ. ಮದುವೆಮನೆಯಲ್ಲಿ ಇದು ಉಪಕಾರ. ಕಲ್ಲಿನ ಓಣಿಯಲ್ಲಿ ಮಾತ್ರ ದೋಶಿ ಅಷ್ಟು ಕಷ್ಟಪಟ್ಟು ಸೃಷ್ಟಿಸಿದ ತಂಪು ನೆರಳು ಬಿಸಿಲಿನಷ್ಟೇ ಬೆಳಗಿ ಕೂರುತ್ತದೆ. ನೋಡಿದವರಿಗೆ ಅಲ್ಲಿ ತಂಪು ಇತ್ತೆಂದು ಗೊತ್ತಾಗುವುದೇ ಇಲ್ಲ. ಬಿಸಿಲು ಬಿದ್ದ ಕಲ್ಲಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ನೆರಳು ತನ್ನ ಜಾಗಕ್ಕೆ ಮರಳುತ್ತದೆ. ಎಷ್ಟು ಎಳೆಯಬೇಕು? ನೆರಳಲ್ಲಿ ಕುಳಿತವರ ಆಕಾರ ಕಾಣಬೇಕು, ಮುಖದ ವಿವರ ಕಾಣದಿದ್ದರೂ ಸರಿ. ನಾವು ಬಿಸಿಲಿನಿಂದ ಜಗಲಿಗೆ ಕಾಲಿಟ್ಟ ಮೊದಲ ಕ್ಷಣದಲ್ಲಿ ಕಣ್ಣಿಗೆ ಕಾಣುವುದೂ ಅಷ್ಟೇ.

ಪರದೆಯ ಮೇಲೆ ಬಿಸಿಲು ಬಿದ್ದು ಏನೂ ಕಾಣದಿರುವುದು ಇನ್ನೊಂದು ತಾಪತ್ರಯ. ಆಗ ಚಿತ್ರದ ಬೆಳಕನ್ನು ಕಣ್ಣಳತೆಯಲ್ಲಿ ನಿರ್ಧರಿಸಬಾರದು. ನೆರಳಿಗೆ ಬಂದು ನೋಡಿ, ಮತ್ತೆ ಹೋಗಿ ತೆಗೆಯಬೇಕು. ಲೆನ್ಸಿನ ಮೇಲೆ ನೇರ ಬಿಸಿಲು ಬೀಳದ ಹಾಗೆ ಅಂಗೈ ಅಡ್ಡ ಹಿಡಿದರೆ ಚಿತ್ರದ ಮಂಕು ಅರ್ಧ ಹೋಗುತ್ತದೆ. ಪೋಲರೈಜಿಂಗ್ ಫಿಲ್ಟರ್ ಇದ್ದವರು ಒಂದು ಮಾತು ನೆನಪಿಡಬೇಕು: ಅದು ಆಕಾಶವನ್ನು ಅತಿ ಹೆಚ್ಚು ಕಡುನೀಲಿ ಮಾಡುವುದು ಸೂರ್ಯನಿಂದ 90 ಡಿಗ್ರಿ ದೂರದಲ್ಲಿ. ನೆತ್ತಿಯ ಸೂರ್ಯನಿಗೆ ಆ ಪಟ್ಟಿ ಸುತ್ತಲೂ ದಿಗಂತದ ಬಳಿಗೇ ಬರುತ್ತದೆ, ಕಟ್ಟಡದ ಸಾಲು ಇರುವ ಕಡೆಗೇ. ಮಧ್ಯಾಹ್ನ ನಮಗೆ ಕೊಡುವ ಅನುಕೂಲಗಳಲ್ಲಿ ಇದೂ ಒಂದು.

ಗೋಡೆಗಳು ಹಿಂದಕ್ಕೆ ವಾಲುವ ದೋಷಕ್ಕೆ ದುಬಾರಿ ಲೆನ್ಸ್ ಬೇಕಿಲ್ಲ. ಫೋನನ್ನು ಮೇಲಕ್ಕೆ ಓರೆಮಾಡಿದಾಗ ಲಂಬಗೆರೆಗಳು ಮೇಲೆ ಹೋಗಿ ಕೂಡುತ್ತವೆ. ನೆಟ್ಟಗೆ ಹಿಡಿದು, ಹಿಂದಕ್ಕೆ ಸರಿದು, ಬೇಡದ ನೆಲವನ್ನು ಆಮೇಲೆ ಕತ್ತರಿಸಿದರಾಯಿತು. ಎದುರಿನ ಕಟ್ಟಡದ ಮೊದಲ ಮಹಡಿಗೆ ಹತ್ತಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಅಲ್ಲಿ ಓದುವವರಿಗೆ ಅದೊಂದು ಕಷ್ಟವೇ ಅಲ್ಲ.

ಜನರನ್ನು ಚಿತ್ರದಿಂದ ಓಡಿಸುವ ಚಾಳಿಯೊಂದಿದೆ. ಕಟ್ಟಡದ ಚಿತ್ರವೆಂದರೆ ನಿರ್ಜನವಾಗಿರಬೇಕು ಎಂಬ ಈ ಕಲ್ಪನೆ ಪತ್ರಿಕೆಗಳಿಂದ ಬಂದದ್ದು. ಧಾರವಾಡದ ಕೆಸಿಡಿ, ಅಂದರೆ ಕರ್ನಾಟಕ ಕಾಲೇಜನ್ನು ತೆಗೆದುಕೊಳ್ಳಿ. ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿ ಕಟ್ಟಿದ ಕಟ್ಟಡಕ್ಕೆ 1917ರಲ್ಲಿ ಶುರುವಾದ ಕಾಲೇಜು ಬಂದು ಸೇರಿತು. ಗಿರೀಶ ಕಾರ್ನಾಡರು ಬಿ.ಎ. ಓದಿದ್ದು ಅಲ್ಲಿ. ರೈಲ್ವೆಯ ಕಾರಕೂನರಿಗಾಗಿ ಹಾಕಿದ ಕಮಾನುಗಳ ಪಡಸಾಲೆಯಲ್ಲಿ ನೂರು ವರ್ಷಗಳಿಂದ ಹುಡುಗರು ನಿಲ್ಲುತ್ತಿದ್ದಾರೆ. ಬಿಸಿಲು ಎಷ್ಟು ಒಳಬಂದಿದೆ, ಅವರು ಎಷ್ಟು ಹಿಂದೆ ಸರಿದಿದ್ದಾರೆ ಎಂಬುದರಲ್ಲಿ ಆ ಪಡಸಾಲೆಯ ಅಗಲದ ಕಾರಣ ಇದೆ. ಅವರಿಲ್ಲದ ಚಿತ್ರದಲ್ಲಿ ಕಮಾನು ಬರೀ ಅಲಂಕಾರ. ಚಿತ್ರಕ್ಕೆ ಮುಂಚೆ ಅವರನ್ನು ಕೇಳಿ, ಒಪ್ಪದವರನ್ನು ಬಿಟ್ಟುಬಿಡಿ.

ಗೇಟಿನ ಬಳಿ

“ಯಾಕೆ ಸಾರ್ ಈ ಬಿಸಿಲಲ್ಲಿ? ಸಂಜೆ ಬನ್ನಿ, ಚೆನ್ನಾಗಿ ಬರುತ್ತೆ.” ಒಂದು ಕಾಲೇಜಿನ ಕಾವಲಿನ ಹಿರಿಯರು ನನಗೆ ಹೇಳಿದ ಮಾತು ಇದು, ಕೊಡೆಯ ನೆರಳಿಗೆ ಕುರ್ಚಿಯನ್ನೂ ಸರಿಸಿಕೊಟ್ಟು. ಎಲ್ಲ ಗೇಟುಗಳಲ್ಲೂ ಇಷ್ಟು ಅಕ್ಕರೆ ಸಿಗುವುದಿಲ್ಲ. ಕೊರಳಲ್ಲಿ ಗುರುತಿನ ಚೀಟಿ ಇಲ್ಲದವರ ಕೈಯಲ್ಲಿ ಕ್ಯಾಮೆರಾ ಕಂಡರೆ ಅನುಮಾನ. ಅದೇ ಕೈಯಲ್ಲಿ ಫೋನಿದ್ದರೆ ಪ್ರಶ್ನೆಯಿಲ್ಲ. ಕಾನೂನಿನ ಮಟ್ಟಿಗೆ ವಿಷಯ ಸರಳವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಸ್ತುಕೃತಿಯೊಂದರ ಫೋಟೊ ತೆಗೆಯುವುದು, ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ. ಆದರೆ ಆವರಣದೊಳಗೆ ಬಿಡುವುದು ಬಿಡದಿರುವುದು ಸಂಸ್ಥೆಗೆ ಸೇರಿದ ಅಧಿಕಾರ. ಮೊದಲೇ ಪತ್ರ ಬರೆದು ಅನುಮತಿ ಪಡೆಯುವುದು, ಪ್ರಯೋಗಾಲಯ ವಿದ್ಯಾರ್ಥಿನಿಲಯಗಳ ಕಡೆ ಕ್ಯಾಮೆರಾ ತಿರುಗಿಸದಿರುವುದು ಮರ್ಯಾದೆ. ಸಂಸ್ಥೆಗಳಿಗೂ ನನ್ನದೊಂದು ಕೋರಿಕೆ: ತಿಂಗಳಿಗೊಂದು ಭಾನುವಾರ, ಹಗಲಿನಲ್ಲೇ, ಊರಿನ ಹವ್ಯಾಸಿಗಳಿಗೆ ಬಾಗಿಲು ತೆರೆಯಿರಿ. ಜನರ ತೆರಿಗೆಯಿಂದ ನಿಂತ ಗೋಡೆಗಳನ್ನು ಜನ ನೋಡಲಿ.

ಈ ಕೋರಿಕೆಯಲ್ಲಿ ಅವಸರವೂ ಇದೆ. ನಾನು ಹೇಳುತ್ತಿರುವ ನೆರಳುಗಳು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಜಾಗ ಸಾಲದೆಂದು ಜಗಲಿಗೆ ಅಲ್ಯೂಮಿನಿಯಂ ಚೌಕಟ್ಟು ಕಟ್ಟಿ ಗಾಜು ಹಾಕುತ್ತಾರೆ, ಅದು ಕೋಣೆಯಾಗುತ್ತದೆ. ಗಾಳಿ ನಿಂತು ಸೆಕೆಯಾದಾಗ ಎಸಿ ಬರುತ್ತದೆ. ಎಸಿಯ ಪೆಟ್ಟಿಗೆಗೆ ಸಜ್ಜವೇ ಅಟ್ಟ, ಕೊಳವೆಗೆ ಕಿಂಡಿಗೋಡೆಯೇ ದಾರಿ. ಪಕ್ಕದಲ್ಲಿ ಏಳುವ ಹೊಸ ಕಟ್ಟಡದ ಮೈತುಂಬ ಗಾಜು, ಸಜ್ಜವೇ ಇಲ್ಲ. ಹಾಗೆ ಮಾಡುವವರ ಮೇಲೆ ಸಿಟ್ಟು ಬರುವುದಕ್ಕಿಂತ ಹೆಚ್ಚಾಗಿ ದುಃಖವಾಗುತ್ತದೆ, ಏಕೆಂದರೆ ಆ ಜಗಲಿ ಏನು ಮಾಡುತ್ತಿತ್ತೆಂದು ಅವರಿಗೆ ಯಾರೂ ತೋರಿಸಿರುವುದಿಲ್ಲ. ದೊಡ್ಡ ಹೆಸರೂ ರಕ್ಷಣೆಯಲ್ಲ. ಅಹಮದಾಬಾದಿನ ಐಐಎಂನಲ್ಲಿ ಲೂಯಿ ಕಾನ್ ವಿನ್ಯಾಸದ, ಇಟ್ಟಿಗೆಯ ದೊಡ್ಡ ದುಂಡುಕಿಂಡಿಗಳಿಗೆ ಜಗತ್ತಿಗೇ ಹೆಸರಾದ ಕ್ಯಾಂಪಸ್ಸಿನಲ್ಲಿ, 18 ವಿದ್ಯಾರ್ಥಿನಿಲಯಗಳ ಪೈಕಿ 14ನ್ನು ಕೆಡವುವ ಪ್ರಸ್ತಾವ 2020ರ ಡಿಸೆಂಬರಿನಲ್ಲಿ ಬಂತು. ದೇಶವಿದೇಶಗಳಿಂದ ವಿರೋಧ ಬಂದ ಮೇಲೆ ಹಿಂದಕ್ಕೆ ಪಡೆದರು. ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಕಾಲೇಜಿನ ಜಗಲಿಗಾಗಿ ಅಷ್ಟು ದೂರದಿಂದ ಯಾರೂ ಪತ್ರ ಬರೆಯುವುದಿಲ್ಲ. ಅದು ಇತ್ತು ಎನ್ನುವುದಕ್ಕೆ ಅಲ್ಲಿ ಓದಿದ ಯಾರದೋ ಚಿತ್ರವೇ ಸಾಕ್ಷಿಯಾಗಬೇಕು.

ಅಂಥ ಸಾಕ್ಷಿಗಳು ನಾವಂದುಕೊಂಡಷ್ಟು ಕಡಿಮೆ ಇಲ್ಲ. ನಮ್ಮ ಅಪ್ಪಂದಿರ ಕಾಲದ ಹವ್ಯಾಸಿಗಳಿಗೆ ಬಿಸಿಲು ಬಿಟ್ಟರೆ ಬೇರೆ ಬೆಳಕೇ ಇರಲಿಲ್ಲ. ಮನೆಮನೆಯಲ್ಲಿದ್ದ ಅಗ್ಫಾ ಕ್ಲಿಕ್ ಕ್ಯಾಮೆರಾಕ್ಕೆ ಬಿಸಿಲು, ಮೋಡ ಎಂಬ ಗುರುತುಗಳಿದ್ದವು. ರೀಲಿಗೆ ಹನ್ನೆರಡು ಚಿತ್ರ. ಕಾಲೇಜಿನ ಕೊನೆಯ ವರ್ಷದ ಗ್ರೂಪ್ ಫೋಟೊವನ್ನು ಸ್ಟುಡಿಯೊದವರು ತೆಗೆಯುತ್ತಿದ್ದುದೂ ಹಾಡುಹಗಲಲ್ಲೇ, ಪೋರ್ಟಿಕೊ ಮುಂದೆ ಬೆಂಚು ಹಾಕಿಸಿ, ಪ್ರಾಂಶುಪಾಲರನ್ನು ನಡುವೆ ಕೂರಿಸಿ. ನಾವು ಆ ಚಿತ್ರಗಳಲ್ಲಿ ಮುಖ ಹುಡುಕುತ್ತೇವೆ. ಮುಖಗಳ ಹಿಂದೆ ಇಡೀ ಕಟ್ಟಡ ಇದೆ: ಬಣ್ಣ ಬದಲಾಗುವ ಮುಂಚಿನ ಗೋಡೆ, ಗಾಜು ಹಾಕುವ ಮುಂಚಿನ ಜಗಲಿ, ಈಗಿಲ್ಲದ ಮರ.

ಆ ಚಿತ್ರಗಳಿಂದ ಒಂದು ಕೆಲಸ ಶುರುಮಾಡಬಹುದು, ಯಾವ ಕಾಲೇಜಿನ ಹುಡುಗರೂ ಮಾಡಬಹುದಾದದ್ದು. ಹಳೆಯ ಗ್ರೂಪ್ ಫೋಟೊ ಒಂದನ್ನು ಹುಡುಕಿ. ಫೋಟೊಗ್ರಾಫರು ನಿಂತ ಜಾಗವನ್ನು ಕಂಬಗಳ ಅಂತರ ನೋಡಿ ಪತ್ತೆಮಾಡಿ. ಗೋಡೆಯ ಮೇಲೆ ಸಜ್ಜದ ನೆರಳು ಎಲ್ಲಿಯವರೆಗೆ ಇಳಿದಿದೆ ಎಂದು ಅಳೆಯಿರಿ. ಸಜ್ಜದ ಚಾಚು ಗೊತ್ತಿದ್ದು, ಗೋಡೆ ಯಾವ ದಿಕ್ಕಿಗಿದೆ ಎಂದೂ ಗೊತ್ತಿದ್ದರೆ ಸೂರ್ಯ ಎಲ್ಲಿದ್ದನೆಂಬುದರ ಅಂದಾಜು ಸಿಗುತ್ತದೆ. ಗಂಟೆಯೂ ಸುಮಾರಾಗಿ ತಿಳಿದರೆ ವರ್ಷದಲ್ಲಿ ಎರಡು ತಾರೀಖುಗಳು ಮಾತ್ರ ಉಳಿಯುತ್ತವೆ. ಬೀಳ್ಕೊಡುಗೆಯ ಫೋಟೊ ತೆಗೆಯುವುದು ಪರೀಕ್ಷೆಗೆ ಮುಂಚೆ ಆದ್ದರಿಂದ ಫೆಬ್ರವರಿ–ಮಾರ್ಚಿನ ಕಡೆಯದನ್ನು ಆರಿಸಿಕೊಳ್ಳಬಹುದು. ಅದೇ ದಿನ, ಅದೇ ಗಂಟೆಗೆ ಅಲ್ಲಿ ನಿಂತು ಹೊಸ ಚಿತ್ರ ತೆಗೆಯಿರಿ. ಕಟ್ಟಡ ಬದಲಾಗಿಲ್ಲದಿದ್ದರೆ ನೆರಳು ಹಳೆಯ ಗುರುತಿಗೇ ಬಂದು ಕೂರುತ್ತದೆ. ಬದಲಾಗಿದ್ದರೆ ಎಲ್ಲಿ ಎಂದು ಎರಡು ಚಿತ್ರ ಪಕ್ಕಪಕ್ಕ ಇಟ್ಟ ಕೂಡಲೇ ಕಾಣುತ್ತದೆ. ಹೊಸ ಚಿತ್ರದ ಹಿಂದೆ ತಾರೀಖು, ಗಂಟೆ, ಮುಖ ಮಾಡಿ ನಿಂತ ದಿಕ್ಕು ಇಷ್ಟನ್ನು ಬರೆದು, ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು ರಸೀದಿ ಪಡೆದುಕೊಳ್ಳಿ.